ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗ

1996ರ ಜನವರಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಪ್ರಾಂತ್ಯದ ಫ್ಲಾಹೌ ಎಂಬ ಊರಿನಲ್ಲಿ ಸ್ಕೀ ವಿಶ್ವಕಪ್‌ನ ಒಂದು ಸ್ಪರ್ಧೆ ನಡೆಯಬೇಕಿತ್ತು. ಇಂಥ ಸ್ಪರ್ಧೆಗಳಿಗೆ ಮುಂಚೆ ಸ್ಥಳೀಯ ಹುಡುಗರು ಕೆಲವರನ್ನು ಇಳಿಜಾರಿನಲ್ಲಿ ಬಿಡುವ ಪದ್ಧತಿಯಿದೆ. ಹಿಮ ಗಟ್ಟಿಯಾಗಿದೆಯೇ, ಗಡಿಯಾರ ಓಡುತ್ತಿದೆಯೇ ಎಂದು ನೋಡಲು ಅಷ್ಟೆ. ಅವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬರುವುದಿಲ್ಲ. ಅಂದು ಹಾಗೆ ಇಳಿದವರಲ್ಲಿ ಒಬ್ಬ ಇಪ್ಪತ್ತಮೂರು ವರ್ಷದ ಗಾರೆ ಕೆಲಸದವನಿದ್ದ. ಬೇಸಿಗೆಯಲ್ಲಿ ಇಟ್ಟಿಗೆ ಕಟ್ಟುತ್ತಿದ್ದ, ಚಳಿಗಾಲದಲ್ಲಿ ಪ್ರವಾಸಿಗರಿಗೆ ಸ್ಕೀ ಕಲಿಸುತ್ತಿದ್ದ. ಗಡಿಯಾರ ಅವನ ಸಮಯವನ್ನೂ ದಾಖಲಿಸಿತು. ಅವನು ನಿಜವಾದ ಸ್ಪರ್ಧಿಯಾಗಿದ್ದರೆ ಹನ್ನೆರಡನೆಯ ಸ್ಥಾನ ಸಿಗುತ್ತಿತ್ತು!

ಅವನ ಹೆಸರು ಹರ್ಮನ್ ಮೈಯರ್. ಮುಂದೆ 54 ವಿಶ್ವಕಪ್ ಗೆಲುವುಗಳನ್ನೂ ನಾಲ್ಕು ಸಮಗ್ರ ಪ್ರಶಸ್ತಿಗಳನ್ನೂ ಪಡೆದವನು. ಇಂಥವನು ಇಪ್ಪತ್ತಮೂರರವರೆಗೆ ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ? ಆಸ್ಟ್ರಿಯಾದಂಥ ದೇಶದಲ್ಲಿ ಪ್ರತಿಭೆಯನ್ನು ಹುಡುಕುವವರಿಗೆ ಕೊರತೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅವನು ಅವರ ಕಣ್ಣಿಗೆ ಬಿದ್ದಿದ್ದ. ಅವರು ನೋಡಿ, ಅಳೆದು, ಮನೆಗೆ ಕಳಿಸಿದ್ದರು.

ಸ್ಕೀ ಸ್ಪರ್ಧೆಯ ಚರಿತ್ರೆಯನ್ನು ಆಯ್ಕೆಯ ಚರಿತ್ರೆಯಾಗಿಯೂ ಓದಬಹುದು. 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರನ್ ಎಂಬ ಹಳ್ಳಿಯಲ್ಲಿ ಆರ್ನಾಲ್ಡ್ ಲನ್ ಎಂಬ ಇಂಗ್ಲಿಷ್ ಮನುಷ್ಯ ಕೋಲುಗಳ ನಡುವೆ ಓಲಾಡುತ್ತ ಇಳಿಯುವ ಆಧುನಿಕ ಸ್ಲಾಲಂ ಆಟವನ್ನು ಗಡಿಯಾರಕ್ಕೆ ಕಟ್ಟಿದ. ಆಗ ಈ ಆಟ ಬಹುಮಟ್ಟಿಗೆ ರಜೆಗೆ ಬರುವ ಅನುಕೂಲಸ್ಥರದ್ದು. ಬೆಟ್ಟದ ಊರಿನ ರೈತರ ಮಕ್ಕಳು ಅವರಿಗೆ ಸ್ಕೀ ಕಲಿಸಿ ಸಂಬಳ ಪಡೆಯುತ್ತಿದ್ದರು. 1936ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಆಲ್ಪೈನ್ ಸ್ಕೀ ಮೊದಲ ಸಲ ಒಲಿಂಪಿಕ್ಸ್ ಸೇರಿದಾಗ ಈ ಸಂಬಳವೇ ಅಡ್ಡ ಬಂತು. ಕಲಿಸಿ ದುಡ್ಡು ಪಡೆದವರು ವೃತ್ತಿಪರರು, ಅವರಿಗೆ ಪ್ರವೇಶವಿಲ್ಲ ಎಂದಿತು ಒಲಿಂಪಿಕ್ ಸಮಿತಿ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಸ್ಕೀ ಪಟುಗಳು ಆ ಸ್ಪರ್ಧೆಯಿಂದ ದೂರವುಳಿದರು. ಬೆಟ್ಟವನ್ನು ಅಂಗೈಯಂತೆ ಬಲ್ಲವರನ್ನು ಹೊರಗಿಟ್ಟೇ ಮೊದಲ ಪದಕಗಳು ಹಂಚಿಹೋದವು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಅದೇ ನಿಯಮದ ಹೆಸರಿನಲ್ಲಿ ಕಾರ್ಲ್ ಶ್ರಾಂಜ್‌ನನ್ನು ಸ್ಪರ್ಧೆಗೆ ಮುಂಚೆಯೇ ಕೈಬಿಟ್ಟರು. ಮರಳಿದ ಅವನನ್ನು ಎದುರುಗೊಳ್ಳಲು ವಿಯೆನ್ನಾದ ಬೀದಿಗಳಲ್ಲಿ ಜನಸಾಗರವೇ ನೆರೆದಿತ್ತು. ಅಂದಿನ ಜರಡಿ ಕೇಳುತ್ತಿದ್ದುದು ‘ನೀನು ಎಷ್ಟು ವೇಗ’ ಎಂದಲ್ಲ, ‘ನಿನ್ನ ಅನ್ನ ಎಲ್ಲಿಂದ ಬರುತ್ತದೆ’ ಎಂದು.

ಈ ನಡುವೆ ಇನ್ನೊಂದು ಬಗೆಯ ಜರಡಿ ಸಿದ್ಧವಾಗುತ್ತಿತ್ತು. 1966ರಲ್ಲಿ ಚಿಲಿಯ ಪೋರ್ಟಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫ್ರಾನ್ಸ್ 24 ಪದಕಗಳಲ್ಲಿ 16 ಗೆದ್ದಿತು. ಪತ್ರಕರ್ತ ಸೆರ್ಜ್ ಲಾಂಗ್ ಮತ್ತು ಗೆಳೆಯರು ಇಡೀ ಚಳಿಗಾಲ ನಡೆಯುವ ವಿಶ್ವಕಪ್‌ನ ಯೋಚನೆಗೆ ರೂಪು ಕೊಟ್ಟದ್ದೂ ಅಲ್ಲೇ. 1967ರ ಜನವರಿಯಲ್ಲಿ ಅದು ಆರಂಭವಾಯಿತು. ಅದೇ ವರ್ಷ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸ್ಟಾಮ್ಸ್‌ನಲ್ಲಿ ಓದು ಮತ್ತು ಸ್ಕೀ ಎರಡನ್ನೂ ಒಟ್ಟಿಗೆ ಕಲಿಸುವ ವಸತಿ ಶಾಲೆ ತೆರೆಯಿತು. ಕ್ರಮೇಣ ಇಂಥವು ಇನ್ನೂ ಕೆಲವು ಬಂದವು. ಹತ್ತು ವರ್ಷಕ್ಕೆ ಸ್ಕೀ ಮಾಧ್ಯಮಿಕ ಶಾಲೆ, ಹದಿನಾಲ್ಕಕ್ಕೆ ಮೇಲಿನ ಶಾಲೆ, ಅಲ್ಲಿಂದ ಪ್ರಾಂತ್ಯದ ತಂಡ, ಆಮೇಲೆ ರಾಷ್ಟ್ರೀಯ ತಂಡ. ಪ್ರತಿ ಮೆಟ್ಟಿಲಲ್ಲೂ ಪರೀಕ್ಷೆ. ಈಗ ಯಾರೂ ಅಪ್ಪನ ಸಂಬಳ ಕೇಳುವುದಿಲ್ಲ. ಜಿಗಿತ, ಓಟ, ಕಾಲಿನ ಬಲ ಅಳೆಯುತ್ತಾರೆ, ಇಳಿಜಾರಿನಲ್ಲಿ ಸಮಯ ನೋಡುತ್ತಾರೆ. ಇದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಹದಿನಾಲ್ಕರ ಮಕ್ಕಳೆಲ್ಲ ಒಂದೇ ವಯಸ್ಸಿನವರಲ್ಲ. ಸ್ಕೀಯಲ್ಲಿ ವಯಸ್ಸಿನ ಗುಂಪು ಜನವರಿಯಿಂದ ಡಿಸೆಂಬರ್‌ಗೆ. ಜನವರಿಯಲ್ಲಿ ಹುಟ್ಟಿದ ಹುಡುಗನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಅಂಗೈಯಗಲ ಎತ್ತರ, ಹಲವು ಕಿಲೋ ತೂಕ. ಇಳಿಜಾರಿನಲ್ಲಿ ತೂಕ ಇದ್ದವನಿಗೆ ಗಾಳಿಯನ್ನು ಸೀಳುವುದು ಸುಲಭ. ಬೇಗ ಬೆಳೆದವನು ಗೆಲ್ಲುತ್ತಾನೆ, ಗೆದ್ದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ಅದರಿಂದ ಅವನು ಮತ್ತೆ ಗೆಲ್ಲುತ್ತಾನೆ. ಆಸ್ಟ್ರಿಯಾದ ಸಂಶೋಧಕರು ಸ್ಕೀ ಶಾಲೆಗಳ ದಾಖಲೆ ತೆಗೆದು ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡರು. ಪ್ರತಿಭೆ ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲವಲ್ಲ!

ಮೈಯರ್ ಹುಟ್ಟಿದ್ದು 1972ರ ಡಿಸೆಂಬರ್ 7ರಂದು. ಅಪ್ಪ ಅಮ್ಮ ಫ್ಲಾಹೌನಲ್ಲಿ ಸ್ಕೀ ಕಲಿಸುವ ಶಾಲೆ ನಡೆಸುತ್ತಿದ್ದರು. ಹುಡುಗ ಶ್ಲಾಡ್ಮಿಂಗ್‌ನ ಸ್ಕೀ ಶಾಲೆಗೆ ಸೇರಿದ. ಮೈ ಸಣ್ಣದು. ಮೂಳೆ ಬೆಳೆಯುವ ವಯಸ್ಸಿನಲ್ಲಿ ಬರುವ ಮಂಡಿನೋವು ಬೇರೆ. ಹದಿನೈದರ ಹೊತ್ತಿಗೆ ಅವನಿಗೆ ಅಲ್ಲಿ ಜಾಗವಿಲ್ಲವಾಯಿತು. ಊರಿಗೆ ಬಂದು ಕರಣೆ ಹಿಡಿದ. ಬೆಳವಣಿಗೆ ತಡವಾಗಿ ಬಂತು. ಇಟ್ಟಿಗೆ ಹೊತ್ತ ಭುಜ, ಕಾಲುಗಳ ಜೊತೆ ಬಂತು.

ಅಷ್ಟು ಹೊತ್ತಿಗೆ ಮತ್ತೊಂದು ಬಾಗಿಲು ಮುಚ್ಚಿರುತ್ತದೆ. ಅದು ಅಂಕಗಳ ಬಾಗಿಲು. ಎಫ್‌ಐಎಸ್ ಎಂಬ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಗಳಿಗೆ ಇಳಿಯುವ ಹದಿನಾರರ ಹರೆಯದಿಂದ ಪ್ರತಿ ಸ್ಪರ್ಧಿಯ ಬೆನ್ನಿಗೂ ಒಂದು ಸಂಖ್ಯೆ ಅಂಟಿಕೊಳ್ಳುತ್ತದೆ. ಗೆದ್ದವನ ಸಮಯಕ್ಕಿಂತ ನೀವು ಎಷ್ಟು ಹಿಂದೆ ಬಿದ್ದಿರಿ, ನಿಮ್ಮ ಜೊತೆ ಇಳಿದವರು ಎಂಥ ಘಟಾನುಘಟಿಗಳು ಎಂಬ ಎರಡನ್ನೂ ಕೂಡಿಸಿ ಈ ಅಂಕ ಕೊಡುತ್ತಾರೆ. ಇಲ್ಲಿ ಕಡಿಮೆ ಅಂಕವೇ ಒಳ್ಳೆಯದು, ಸೊನ್ನೆ ಎಂದರೆ ಶಿಖರ. ಅಂಕ ಕಡಿಮೆಯಿದ್ದವನು ಮೊದಲು ಇಳಿಯುತ್ತಾನೆ, ಅವನಿಗೆ ನುಣುಪಾದ ಹಿಮ ಸಿಗುತ್ತದೆ. ಅಂಕವಿಲ್ಲದ ಹೊಸಬ ಕೊನೆಯಲ್ಲಿ ಇಳಿಯಬೇಕು. ಅಷ್ಟರಲ್ಲಿ ಹಾದಿ, ಮಳೆಗಾಲದಲ್ಲಿ ಲಾರಿಗಳು ಓಡಾಡಿದ ಮಣ್ಣು ರಸ್ತೆಯಂತೆ ಹಳ್ಳಬಿದ್ದಿರುತ್ತದೆ. ಆ ಹಳ್ಳಗಳ ನಡುವೆ ಒಳ್ಳೆಯ ಸಮಯ ತಂದರೆ ಮಾತ್ರ ಮುಂದಿನ ಸಲ ಸ್ವಲ್ಪ ಮುಂಚೆ ಇಳಿಯಬಹುದು.

ಫ್ಲಾಹೌನ ಆ ಬೆಳಿಗ್ಗೆ ಮೈಯರ್‌ಗೆ ಸಿಕ್ಕಿದ್ದು ಈ ಸರತಿಯಿಂದ ಒಂದು ದಿನದ ಬಿಡುಗಡೆ. ಹಾದಿ ನೋಡಲು ಬಂದವನು ಎಲ್ಲರಿಗಿಂತ ಮೊದಲು ಇಳಿದ. ತರಬೇತುದಾರರು ಎಚ್ಚೆತ್ತರು. ಅದೇ ವರ್ಷ ವಿಶ್ವಕಪ್‌ಗೆ ಕರೆ ಬಂತು, ಮರು ವರ್ಷ ಮೊದಲ ಗೆಲುವು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಓಟದ ನಡುವೆ ಗಾಳಿಯಲ್ಲಿ ಹಾರಿ, ಬೇಲಿಗಳನ್ನು ಮುರಿದುಕೊಂಡು ಬಿದ್ದ. ಎದ್ದು ಬಂದು ಕೆಲವೇ ದಿನಗಳಲ್ಲಿ ಎರಡು ಚಿನ್ನ ಗೆದ್ದ. ಇದನ್ನು ಛಲದ ಕಥೆಯಾಗಿ ಹೇಳುವುದು ರೂಢಿ. ಛಲವೇನೋ ಇತ್ತು. ಆದರೆ ಸ್ಪರ್ಧೆ ಮನೆಯಂಗಳಕ್ಕೆ ಬರದಿದ್ದರೆ, ಆ ದಿನ ಅವನನ್ನು ಮೊದಲು ಇಳಿಯಬಿಡದಿದ್ದರೆ, ಛಲವೊಂದೇ ಏನು ಮಾಡುತ್ತಿತ್ತು?

ನಮ್ಮ ದೇಶದ ಒಂದು ಕಥೆಯೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಕಾಶ್ಮೀರದ ಆರಿಫ್ ಖಾನ್. ಗುಲ್ಮಾರ್ಗ್‌ನಲ್ಲಿ ಹಿಮಕ್ಕೇನೂ ಬರವಿಲ್ಲ. ಆದರೆ ಅಂಕ ಹಿಮದಿಂದ ಬರುವುದಿಲ್ಲ, ಒಕ್ಕೂಟ ಒಪ್ಪಿದ ಸ್ಪರ್ಧೆಗಳಿಂದ ಬರುತ್ತದೆ. ಹಾಗಾಗಿ ಹಿಮಾಲಯದ ಹುಡುಗ ಸ್ಲಾಲಂ ಅರ್ಹತೆಗಾಗಿ ದುಬೈನ ಮರಳುಗಾಡಿಗೆ ಹೋದ, ಅಲ್ಲಿ ಸೂರಿನ ಕೆಳಗೆ ಕೃತಕವಾಗಿ ಮಾಡಿದ ಹಿಮದ ಮೇಲೆ ಇಳಿದ. ಜೈಂಟ್ ಸ್ಲಾಲಂ ಅರ್ಹತೆಗೆ ಮಾಂಟೆನಿಗ್ರೊಗೆ ಹೋದ. ಬೀಜಿಂಗ್‌ನಲ್ಲಿ ಅವನು 45ನೆಯ ಸ್ಥಾನ ಪಡೆದ. ವಿಮಾನದ ಟಿಕೆಟ್ಟಿಗೆ ದುಡ್ಡು ಹೊಂದಿಸಲಾಗದೆ ಗುಲ್ಮಾರ್ಗ್‌ನಲ್ಲೇ ಉಳಿದವರ ಸ್ಥಾನವನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಗಡಿಯಾರ ಸುಳ್ಳು ಹೇಳುವುದಿಲ್ಲ ಎಂಬುದು ನಿಜ. ಆದರೆ ಅದರ ಮುಂದೆ ನಿಲ್ಲುವವರು ಯಾರು ಎಂದು ತೀರ್ಮಾನಿಸುವುದು ಗಡಿಯಾರವಲ್ಲ. ಒಂದು ಕಾಲಕ್ಕೆ ಅದನ್ನು ಸಂಬಳದ ಚೀಟಿ ತೀರ್ಮಾನಿಸಿತು, ಆಮೇಲೆ ಹುಟ್ಟಿದ ತಿಂಗಳು, ಈಗ ಪ್ರಯಾಣದ ಖರ್ಚು ಕೂಡ. ಮೈಯರ್ ಸಿಕ್ಕಿದ್ದರಿಂದ ಆಸ್ಟ್ರಿಯಾ ಅವನನ್ನು ಕಳೆದುಕೊಂಡಿತ್ತು ಎಂಬುದು ಗೊತ್ತಾಯಿತು. ಸಿಗದೇ ಹೋದವರು ಇವತ್ತಿಗೂ ಎಲ್ಲೋ ಗೋಡೆ ಕಟ್ಟುತ್ತಿರಬಹುದು. ಅವರು ಎಷ್ಟು ವೇಗವಾಗಿ ಇಳಿಯುತ್ತಿದ್ದರು ಎಂಬುದು ಅವರಿಗೂ ಗೊತ್ತಿರಲಾರದು.