ದನದ ಸಂತೆಯಿಂದ ಹಳೆಯ ಕಾರಿನವರೆಗೆ: ದುರ್ಗದ ಸೀಮೆಯಲ್ಲಿ ಕೊಂಡು ಮಾರುವ ಕಸುಬು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಇಂದು ನಡೆಯುವ ಹಳೆಯ ಕಾರುಗಳ ವ್ಯಾಪಾರ ಮೋಟಾರು ಯುಗದ ಕೂಸೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಬಳಕೆಯಲ್ಲಿದ್ದುದನ್ನು ಕೊಂಡು, ಕೆಲಕಾಲ ಇಟ್ಟುಕೊಂಡು ಸುಧಾರಿಸಿ, ಲಾಭಕ್ಕೆ ಮಾರುವ ಕಸುಬನ್ನು ಈ ಸೀಮೆ ಎತ್ತುಗಳ ಕಾಲದಿಂದಲೂ ಬಲ್ಲದು. ಸರಕು ಬದಲಾದರೂ ಸರಕನ್ನು ಪರೀಕ್ಷಿಸುವ ಕ್ರಮ, ದಲ್ಲಾಳಿಯ ಸ್ಥಾನ, ಮುಂಗಡದ ಕಟ್ಟುಪಾಡು ಇವೆಲ್ಲ ಬಹುಮಟ್ಟಿಗೆ ಉಳಿದುಬಂದವು. ನಿಜವಾಗಿ ಹೊಸದಾಗಿ ಬಂದದ್ದು ಕಾಗದಪತ್ರ, ಮತ್ತು ಕಸುಬಿಗೆ ಹೊಸದಾಗಿ ಇಳಿದವರು ಹೆಚ್ಚಾಗಿ ಎಡವಿದ್ದು ಅಲ್ಲಿಯೇ.

ಮಳೆಯಾಶ್ರಯದ ಬೇಸಾಯ ಮತ್ತು ವಿಸ್ತಾರವಾದ ಹುಲ್ಲುಗಾವಲುಗಳ ಈ ಬಯಲು ಹಿಂದಿನಿಂದಲೂ ದನಗಳ ನಾಡು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದ, ಮುಂದೆ ಟಿಪ್ಪು ಸುಲ್ತಾನನಿಂದ ಅಮೃತ್ ಮಹಲ್ ಎಂದು ಹೆಸರಾದ ಅರಮನೆಯ ದನಗಳ ಇಲಾಖೆ ಈ ಭಾಗದಲ್ಲಿ ಅನೇಕ ಕಾವಲುಗಳನ್ನು, ಅಂದರೆ ಆ ದನಗಳಿಗೆಂದೇ ಕಾದಿರಿಸಿದ ಹುಲ್ಲುಗಾವಲುಗಳನ್ನು, ಹೊಂದಿತ್ತು. ಹೊಸದುರ್ಗದ ನೆರೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ನಡೆಯುವ ಅಮೃತ್ ಮಹಲ್ ಹೋರಿಗರುಗಳ ವಾರ್ಷಿಕ ಹರಾಜು ಈ ಪರಂಪರೆಯ ಮುಂದುವರಿಕೆ. ಆದರೆ ಎಲ್ಲ ದನವೂ ಮಾರುವ ಸರಕಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡ ಸಮುದಾಯ ಇಂದಿಗೂ ಸಾಕುತ್ತಿರುವ ದೇವರ ಎತ್ತುಗಳಿಗೆ ಬೆಲೆ ಕಟ್ಟುವಂತಿಲ್ಲ.

ಮಾರುವ ಎತ್ತಿನ ಬೆಲೆಯನ್ನು ಮೊದಲು ಅದರ ಬಾಯಿಯಲ್ಲಿ ಓದಬೇಕಿತ್ತು. ಸುಮಾರು ಎರಡೂವರೆ ವರ್ಷಕ್ಕೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಹುಟ್ಟಿದಾಗ ಎರಡು ಹಲ್ಲಿನ ಎತ್ತು, ಬಳಿಕ ನಾಲ್ಕು, ಆರು ಎಂದು ಎಣಿಕೆ ಸಾಗಿ, ಎಂಟೂ ಬಂದ ಮೇಲೆ ಬಾಯಿಗೂಡಿತು ಎನ್ನುವ ರೂಢಿ. ಬಾಯಿಗೂಡಿದ ನಂತರ ವಯಸ್ಸನ್ನು ಹಲ್ಲಿನ ಸವೆತದಿಂದಷ್ಟೇ ಅಂದಾಜು ಮಾಡಬೇಕಾದುದರಿಂದ ಮೋಸಕ್ಕೆ ಅವಕಾಶ ಹೆಚ್ಚಾಗುತ್ತಿದ್ದುದೂ, ಬಲ್ಲವನಿಗೆ ಲಾಭ ಹುಟ್ಟುತ್ತಿದ್ದುದೂ ಅಲ್ಲಿಂದಲೇ. ಸುಳಿ, ಕೊಂಬು, ಗೊರಸುಗಳನ್ನು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ದಲ್ಲಾಳಿ ಟವೆಲಿನ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಡಿದು, ಸುತ್ತಲಿದ್ದವರಿಗೆ ತಿಳಿಯದಂತೆ ಬೆಲೆ ಕುದುರಿಸುತ್ತಿದ್ದ. ಸಂಚಕಾರ, ಅಂದರೆ ಮಾತು ಕಟ್ಟಲು ಕೊಡುವ ಮುಂಗಡ, ಕೈ ಸೇರಿದ ಮೇಲೆ ಹಿಂದೆಗೆಯುವುದು ಅವಮಾನವೆನಿಸುತ್ತಿತ್ತು. ಬಂಡವಾಳವಿಲ್ಲದ ಹೊಸಬನಿಗೆ ಇಂಥ ದಲ್ಲಾಳಿಯ ಬೆನ್ನ ಹಿಂದೆ ನಿಂತು ಕಣ್ಣು ಪಳಗಿಸಿಕೊಳ್ಳುವುದೇ ಶಾಲೆ. ತನ್ನ ದುಡ್ಡು ಹಾಕುವ ಹೊತ್ತಿಗೆ, ಮಾರದೆ ಉಳಿದ ಎತ್ತು ದಿನವೂ ಮೇವು ತಿಂದು ಲಾಭವನ್ನು ಕರಗಿಸುತ್ತದೆ ಎಂಬ ಪಾಠವೂ ಅವನಿಗೆ ತಿಳಿದಿರುತ್ತಿತ್ತು.

ಈ ಕಸುಬು ಮೋಟಾರಿಗೆ ದಾಟಲು ಲಾರಿಯೇ ಸೇತುವೆಯಾಯಿತು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13ನೇ ಸಂಖ್ಯೆಯ ಹೆದ್ದಾರಿ ಚಿತ್ರದುರ್ಗದಲ್ಲಿ ಅದನ್ನು ಸಂಧಿಸಿ ಹೊಳಲ್ಕೆರೆಯ ಕಡೆಗೆ ಇಳಿಯುತ್ತಿತ್ತು. ಹೊಸ ಲಾರಿ ಕೊಳ್ಳಲಾಗದ ಚಾಲಕ ಹಳೆಯದನ್ನು ಕೊಂಡು ಮಾಲೀಕನಾಗುವ ದಾರಿಯನ್ನು ಕಂತಿನ ಸಾಲ ತೆರೆಯಿತು. 1979ರಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹಳೆಯ ಲಾರಿಗಳ ಸಾಲದಲ್ಲಿಯೇ ಪರಿಣತಿ ಪಡೆಯಿತು. ಈ ಸೀಮೆಯ ಗಣಿಗಳ ಅದಿರು ಸಾಗಣೆಗೆಂದು ಲಾರಿ ಕೊಂಡವರಿಗೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯ ನಿಷೇಧವನ್ನು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿದಾಗ ಕೆಲಸವಿಲ್ಲದಂತಾಯಿತು. ಗಾಡಿಯ ಬೆಲೆ ಅದರ ಇಂಜಿನ್ನಿನಷ್ಟೇ ಅದು ದುಡಿಯುವ ನೆಲವನ್ನೂ ಅವಲಂಬಿಸುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಕಠಿಣವಾದ ನಿದರ್ಶನ ಸಿಗಲಾರದು.

ಕಾರಿನ ಕಥೆ ತಡವಾಗಿ ಮೊದಲಾಗುತ್ತದೆ. ಲೈಸೆನ್ಸ್ ರಾಜ್ ಕಾಲದಲ್ಲಿ ಅಂಬಾಸಿಡರ್, ಫಿಯೆಟ್‌ಗಳಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದುದರಿಂದ ಹಳೆಯ ಕಾರಿಗೆ ಅಸಾಧಾರಣ ಬೆಲೆಯಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, 1991ರ ನಂತರ ಮಾರುಕಟ್ಟೆ ತೆರೆದ ಮೇಲೆ ಹಳೆಯ ಕಾರು ಸಾಮಾನ್ಯರ ಕೈಗೆ ಎಟುಕಿತು. ಹಲ್ಲು ನೋಡುತ್ತಿದ್ದ ಕಣ್ಣಿಗೆ ಈಗ ಬಾನೆಟ್ಟಿನ ಬೋಲ್ಟುಗಳ ಮೇಲಿನ ಬಣ್ಣ ಒಡೆದಿದೆಯೇ, ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿದರೆ ಕಾರ್ಖಾನೆಯ ವೆಲ್ಡಿಂಗ್ ಚುಕ್ಕೆಗಳು ಹಾಗೆಯೇ ಕಾಣುತ್ತವೆಯೇ, ಗಾಜುಗಳ ಮೇಲೆ ಅಚ್ಚಾದ ವರ್ಷ ಒಂದಕ್ಕೊಂದು ತಾಳೆಯಾಗುತ್ತದೆಯೇ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯೇ ಎಂಬುವು ಮುಖ್ಯವಾದವು. ಬಾಯಿಗೂಡಿದ ಎತ್ತಿನ ವಯಸ್ಸಿನಂತೆ ಮೀಟರಿನ ಕಿಲೋಮೀಟರನ್ನೂ ಹಿಂದಕ್ಕೆ ತಿರುಗಿಸಬಹುದಾದ್ದರಿಂದ, ಪಳಗಿದವರು ಮೀಟರಿಗಿಂತ ಬ್ರೇಕ್ ಪೆಡಲಿನ ಮತ್ತು ಸ್ಟೀರಿಂಗಿನ ಸವೆತವನ್ನು ನಂಬುತ್ತಾರೆ.

ಎತ್ತಿನ ವ್ಯಾಪಾರ ಕೈಗೆ ಹಗ್ಗ ಕೊಟ್ಟಲ್ಲಿಗೆ ಮುಗಿಯುತ್ತಿತ್ತು. ಕಾರಿನದು ಹಾಗೆ ಮುಗಿಯದು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೆಎ-16 ಸಂಖ್ಯೆಯ ಗಾಡಿಗಳ ಮಟ್ಟಿಗೆ ಅದು ಚಿತ್ರದುರ್ಗದ ಆರ್‌ಟಿಒ ಕಚೇರಿ. ಮಾರಾಟದ ಸೂಚನೆಯಾದ ಫಾರಂ 29 ಮತ್ತು ಮಾಲೀಕತ್ವ ವರ್ಗಾವಣೆಯ ಅರ್ಜಿಯಾದ ಫಾರಂ 30 ಇವುಗಳಿಗೆ ಸಹಿ ಹಾಕಿಸಿ, ಕೊಳ್ಳುವವನ ಹೆಸರನ್ನು ಖಾಲಿ ಬಿಟ್ಟು, ಆರ್‌ಸಿಯಲ್ಲಿ ತನ್ನ ಹೆಸರು ಬಾರದಂತೆ ಗಾಡಿಯನ್ನು ಮುಂದಿನವನಿಗೆ ದಾಟಿಸುವುದು ಮಧ್ಯವರ್ತಿಗಳ ರೂಢಿಯಾಯಿತು. ಪ್ರತಿ ಬಾರಿ ವರ್ಗಾಯಿಸಿದರೆ ಶುಲ್ಕದ ಜೊತೆಗೆ ಮಾಲೀಕರ ಸಂಖ್ಯೆಯೂ ಏರಿ ಬೆಲೆ ಇಳಿಯುವುದರಿಂದ ಈ ರೂಢಿಗೆ ಕಾರಣವಿತ್ತು ನಿಜ. ಆದರೆ ಅದರ ಹೊರೆ ಬಿದ್ದದ್ದು ಮೊದಲ ಮಾಲೀಕನ ಮೇಲೆ. ಹಲವು ಕೈ ದಾಟಿದರೂ ವರ್ಗಾವಣೆಯಾಗದ ಕಾರೊಂದರ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ತೀರ್ಪಿತ್ತಿತು. ಕೊಂಡು ಮಾರುವವನಿಗೆ ಕಾನೂನಿನಲ್ಲಿ ಸ್ಪಷ್ಟ ಸ್ಥಾನ ದೊರೆತದ್ದು ಇನ್ನೂ ಈಚೆಗೆ: 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳಂತೆ ಅಧಿಕೃತ ಪತ್ರ ಪಡೆದ ಡೀಲರ್, ಮಾಲೀಕನು ಗಾಡಿಯನ್ನು ತನಗೆ ಒಪ್ಪಿಸಿದ್ದನ್ನು ದಾಖಲಿಸಿದ ಮೇಲೆ ಅದರ ಹೊಣೆಗಾರನಾಗುತ್ತಾನೆ. ಸಂತೆಯ ದಲ್ಲಾಳಿ ತನ್ನ ಮಾತಿನಿಂದ ಹೊರುತ್ತಿದ್ದ ಹೊಣೆಯನ್ನು ಕಾನೂನು ಬರಹಕ್ಕೆ ಇಳಿಸಲು ಇಷ್ಟು ಕಾಲ ಬೇಕಾಯಿತೆಂಬುದು ಖೇದದ ಸಂಗತಿ.

ಕಾಗದಪತ್ರದ ಜೊತೆಗೆ ತೆರಿಗೆಯ ಲೆಕ್ಕವೂ ಬಂತು. ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿ ಹಳೆಯ ಕಾರಿನ ಪೂರ್ತಿ ಬೆಲೆಗೆ ತೆರಿಗೆ ಕಟ್ಟದೆ, ಕೊಂಡ ಮತ್ತು ಮಾರಿದ ಬೆಲೆಗಳ ನಡುವಿನ ಅಂತರಕ್ಕೆ ಮಾತ್ರ ಕಟ್ಟುವ ಕ್ರಮ 2017ರಲ್ಲಿ ಜಿಎಸ್‌ಟಿಯೊಂದಿಗೇ ಬಂದು, ಸಣ್ಣ ಕಾರುಗಳಿಗೆ 2018ರಿಂದ ಶೇ 12ರಷ್ಟಿದ್ದ ದರ 2025ರ ಜನವರಿಯಿಂದ ಶೇ 18ಕ್ಕೆ ಏರಿತು. 3,00,000 ರೂಪಾಯಿಗೆ ಕೊಂಡು, ತೆರಿಗೆ ಬಿಟ್ಟು 3,40,000 ರೂಪಾಯಿ ಬೆಲೆಗೆ ಮಾರಿದರೆ 40,000 ರೂಪಾಯಿಯ ಮೇಲೆ 7,200 ರೂಪಾಯಿ ತೆರಿಗೆ ಬೀಳುತ್ತದೆ. ಟಯರು, ಟಿಂಕರಿಂಗು, ಬಣ್ಣಕ್ಕೆ ಹಾಕಿದ 25,000 ರೂಪಾಯಿಯನ್ನು ಆ ಅಂತರದಿಂದ ಕಳೆಯುವಂತಿಲ್ಲ. ಕೊಳ್ಳುವವನು ತೆರಿಗೆಯನ್ನು ಬೇರೆಯಾಗಿ ಕೊಡಲು ಒಪ್ಪದಿದ್ದರೆ ಹೊಸ ವ್ಯಾಪಾರಿಯ ಕೈಯಲ್ಲಿ ಉಳಿಯುವುದು 7,800 ರೂಪಾಯಿ, ಅದೂ ಕಾರು ಬೇಗ ಮಾರಾಟವಾಗಿ, ಹೂಡಿದ ಹಣದ ಬಡ್ಡಿ ಏರದಿದ್ದಲ್ಲಿ ಮಾತ್ರ.