ಬಸವನಹುಳು ಹೇಳಿದ ಸುದ್ದಿ
1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ರಕ್ತದಿಂದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. 1953ರಲ್ಲಿ ಬೆಟ್ಟಿ ಟ್ವರೋಗ್ ಅದನ್ನು ಮೆದುಳಿನಲ್ಲೂ ಕಂಡರು. ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಂಚೆಯಾಳೆಂದು ಅದಕ್ಕೆ ಹೆಸರಾಯಿತು.

ಅದಕ್ಕೆ ಇನ್ನೊಂದು ಕೆಲಸವೂ ಉಂಟೆಂದು ಹೇಳಿದ್ದು ಸಿಹಿನೀರಿನ ಬಸವನಹುಳು. 1984ರಲ್ಲಿ ಹೇಡನ್, ಮೆಕಾಬ್, ಕೇಟರ್ ಅದರ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಸೆರೊಟೋನಿನ್ ತಾಗಿಸಿದರು. ಕೆಲವು ಕೋಶಗಳ ಬೆಳೆಯುವ ತುದಿ ಅಲ್ಲೇ ನಿಂತಿತು, ನೆರೆಯ ಕೋಶದೊಡನೆ ಕೊಂಡಿಯೂ ಬೀಳಲಿಲ್ಲ. ಬೇರೆ ಕೆಲವು ಲೆಕ್ಕಿಸದೆ ಮುಂದೆ ಸಾಗಿದವು. ನಮ್ಮ ಬ್ಯಾಂಕಿನಲ್ಲೂ ಸುತ್ತೋಲೆ ಒಂದೇ, ಶಾಖೆಗೊಂದು ಅರ್ಥ! ಇಲ್ಲಿ ಸುತ್ತೋಲೆ ಓದುವುದು ಕೋಶದ ಮೈಮೇಲಿನ ಗ್ರಾಹಕ ಪ್ರೋಟೀನು. ಮನುಷ್ಯರಲ್ಲಿ ಅಂಥವು ಹತ್ತಕ್ಕೂ ಹೆಚ್ಚು ಬಗೆ. ಗರ್ಭದ ಶಿಶುವಿನಲ್ಲಿ ಈ ಸುತ್ತೋಲೆ ಹೊರಡಿಸುವ ನರಕೋಶಗಳು ಐದನೇ ವಾರದ ಹೊತ್ತಿಗೇ ಕಾಣುತ್ತವೆ.