ಪಕ್ಕದ ಚಕ್ರಕ್ಕೆ ಸಿಕ್ಕ ಮನ್ನಣೆ

ಹಿಂಬದಿಯ ಇಕ್ಕೆಲಗಳಲ್ಲಿ ಎರಡು ಪುಟ್ಟ ಚಕ್ರ ಜೋಡಿಸಿದ ಸ್ಕೂಟರನ್ನು ನೋಡದವರು ಕಡಿಮೆ. ಪೋಲಿಯೊದಿಂದಲೋ ಅಪಘಾತದಿಂದಲೋ ಕಾಲಿನ ಬಲ ಕಳೆದುಕೊಂಡವರು ವಾಹನ ನಿಲ್ಲಿಸಿದಾಗ, ನೆಲಕ್ಕೆ ಕಾಲೂರುವ ಕೆಲಸವನ್ನು ಈ ಚಕ್ರಗಳೇ ಮಾಡುತ್ತವೆ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದ ಮೇಲೆ ಗೇರು ಬದಲಿಸುವ, ಕಿಕ್ ಹೊಡೆಯುವ ತಾಪತ್ರಯವೂ ತಪ್ಪಿತು.

ಕಾನೂನು ಮಾತ್ರ ಹಿಂದೆಯೇ ಉಳಿಯಿತು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ 'ಅಶಕ್ತರ ವಾಹನ'ವು ಅಂಗವಿಕಲರಿಗೆಂದೇ ವಿಶೇಷವಾಗಿ ರೂಪಿಸಿ ನಿರ್ಮಿಸಿದ್ದಾಗಿರಬೇಕು, ಬರಿದೇ ಮಾರ್ಪಡಿಸಿದ್ದಾಗಿರಬಾರದು. ಭಾರತದ 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಇದೇ ಮಾತು ಸೇರಿತು. 1988ರ ಹೊಸ ಕಾಯ್ದೆಯೂ ಅದನ್ನು ಬಿಡಲಿಲ್ಲ. ಗ್ಯಾರೇಜಿನಲ್ಲಿ ಚಕ್ರ ಜೋಡಿಸಿದ ಸ್ಕೂಟರು ಮಾರ್ಪಡಿಸಿದ್ದೇ ತಾನೆ? ಅಕ್ಷರಶಃ ಓದಿದರೆ, ಅಂಗವಿಕಲರು ನಿತ್ಯ ಬಳಸುವ ವಾಹನವೇ ಈ ವ್ಯಾಖ್ಯೆಯಿಂದ ಹೊರಗುಳಿಯುತ್ತಿತ್ತು.

2019ರ ತಿದ್ದುಪಡಿಯು 'ಅಶಕ್ತರ ವಾಹನ'ವನ್ನು ಕೈಬಿಟ್ಟು 'ಮಾರ್ಪಡಿಸಿದ ವಾಹನ' ಎಂಬ ಹೊಸ ವ್ಯಾಖ್ಯೆಯನ್ನು ತಂದಿತು. ಅದರಂತೆ ಮೊದಲು ಚಕ್ರ ಜೋಡಿಸಿಕೊಂಡು, ಆನಂತರ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಲು ಅವಕಾಶವಿದೆ. ಆದರೆ ಜೋಡಣೆ ನಿಗದಿತ ಷರತ್ತುಗಳಿಗೆ ಒಳಪಟ್ಟಿರಬೇಕು.

ಷರತ್ತು ಅನಗತ್ಯವೇನಲ್ಲ. ದ್ವಿಚಕ್ರ ವಾಹನ ತಿರುವಿನಲ್ಲಿ ಒಳಕ್ಕೆ ವಾಲಿ ಸಮತೋಲ ಕಾಯ್ದುಕೊಳ್ಳುತ್ತದೆ. ಪಕ್ಕದ ಚಕ್ರಗಳು ಹಾಗೆ ವಾಲಲು ಬಿಡುವುದಿಲ್ಲ. ವೇಗ ಹೆಚ್ಚಿದ್ದರೆ ವಾಹನ ಹೊರಕ್ಕೆ ಮಗುಚುವ ಅಪಾಯವುಂಟು. ಆದ್ದರಿಂದ ಜೋಡಣೆ ಭದ್ರವಾಗಿರಬೇಕು, ತಿರುವಿಗೆ ಮುನ್ನ ವೇಗ ತಗ್ಗಿಸಬೇಕು.

ಸಾಮಾನ್ಯ ಮೆಕ್ಯಾನಿಕ್ ಕೆಲವೇ ಬೋಲ್ಟುಗಳಿಂದ ಒದಗಿಸಿದ ಈ ಅನುಕೂಲಕ್ಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಜಾಗ ಸಿಗಲು 1939ರಿಂದ ಲೆಕ್ಕ ಹಾಕಿದರೆ 80 ವರ್ಷಗಳೇ ಹಿಡಿದವು.